8-406(ಸಿ): ಒಂದು ಉಪಸೆಕ್ಷನ್ನಿನ ಬೆನ್ನು ಹತ್ತಿ

ಇಲಿನಾಯ್ ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಆ್ಯಕ್ಟ್‌ನಲ್ಲಿ 8-406 ಎಂಬ ಸೆಕ್ಷನ್ ಇದೆ. ವಿದ್ಯುತ್ ಕಂಪನಿಗಳು ಹೊಸದಾಗಿ ಏನನ್ನಾದರೂ ಕಟ್ಟಬೇಕಾದರೆ ಯಾರ ಅನುಮತಿ ಬೇಕು ಎಂದು ಹೇಳುವ ಸೆಕ್ಷನ್ ಅದು. 1987ರಲ್ಲಿ ಅದಕ್ಕೆ (ಸಿ) ಸೇರಿತು. ತೀವ್ರ ವಿಕಿರಣದ ಅಣುಕಸವನ್ನು ವಿಲೇವಾರಿ ಮಾಡುವ ಸಾಬೀತಾದ ವಿಧಾನವೊಂದನ್ನು ಅಮೆರಿಕದ ಕೇಂದ್ರ ಸರ್ಕಾರ ಗುರುತಿಸಿ ಒಪ್ಪುವ ತನಕ ರಾಜ್ಯದಲ್ಲಿ ಹೊಸ ಅಣುಸ್ಥಾವರದ ಕೆಲಸ ಶುರುವಾಗಕೂಡದು, ಇಲ್ಲವೇ ಶಾಸನಸಭೆಯೇ ಕಾಯ್ದೆ ಮಾಡಿ ಆ ಸ್ಥಾವರಕ್ಕೆ ನಿರ್ದಿಷ್ಟವಾಗಿ ಒಪ್ಪಿಗೆ ಕೊಡಬೇಕು ಎಂಬುದು ಅದರ ಸಾರ. ಈ ಎರಡನೆಯ ಭಾಗವನ್ನು ಬಹಳ ಜನ ಓದುವುದೇ ಇಲ್ಲ. ‘ನಿಷೇಧ’ ಎಂದು ಪತ್ರಿಕೆಗಳು ಬರೆಯುತ್ತಿದ್ದುದು ನಿಜಕ್ಕೂ ಪೂರ್ಣ ನಿಷೇಧವಾಗಿರಲಿಲ್ಲ. ಜನಪ್ರತಿನಿಧಿಗಳು ಒಂದೊಂದು ಸ್ಥಾವರವನ್ನೂ ಹೆಸರು ಹಿಡಿದು ಚರ್ಚಿಸಿ ಮತ ಹಾಕಬೇಕೆಂಬ ಷರತ್ತಾಗಿತ್ತು. ಹೊಸ ಅಣುಸ್ಥಾವರ ಬೇಡವೆನ್ನುವ ನಾವು ಉಳಿಸಿಕೊಳ್ಳಬೇಕೆಂದು ಹೆಣಗಿದ್ದು ಆ ಷರತ್ತನ್ನು.

ಇಲಿನಾಯ್‌ನ ಆರು ಜಾಗಗಳಲ್ಲಿ 11 ರಿಯಾಕ್ಟರುಗಳು ನಡೆಯುತ್ತಿವೆ: ಬ್ರೇಡ್‌ವುಡ್, ಬೈರನ್, ಡ್ರೆಸ್ಡನ್, ಲಸಾಲ್ ಮತ್ತು ಕ್ವಾಡ್ ಸಿಟೀಸ್‌ನಲ್ಲಿ ಎರಡೆರಡು, ಕ್ಲಿಂಟನ್‌ನಲ್ಲಿ ಒಂದು. ಕನ್ನಡದ ಮನೆಗಳು ತುಂಬಿರುವ ನೇಪರ್‌ವಿಲ್, ಅರೋರಾ ಕಡೆಯಿಂದ ಡ್ರೆಸ್ಡನ್ನಿಗೋ ಬ್ರೇಡ್‌ವುಡ್ಡಿಗೋ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಬಳಸಿ ಮುಗಿದ ಅಣು ಇಂಧನ ಅಮೆರಿಕದ ಬೇರೆಲ್ಲ ರಾಜ್ಯಗಳಿಗಿಂತ ಇಲ್ಲಿ ಹೆಚ್ಚು. 1998ರಲ್ಲಿ ಮುಚ್ಚಿದ ಜಿಯಾನ್ ಸ್ಥಾವರದ ಕಟ್ಟಡಗಳನ್ನು ಕೆಡವಿಯಾಯಿತು, ಆದರೆ ಅದರ ಇಂಧನ ತುಂಬಿದ ಪೀಪಾಯಿಗಳು ಮಿಶಿಗನ್ ಸರೋವರದ ದಂಡೆಯಲ್ಲೇ ನಿಂತಿವೆ. ನೆವಾಡಾದ ಯುಕ್ಕಾ ಬೆಟ್ಟದಲ್ಲಿ ಅದನ್ನು ಹೂಳುತ್ತೇವೆಂದ ಯೋಜನೆ ಹಣವಿಲ್ಲದೆ ನಿಂತು ಹದಿನೈದು ವರ್ಷ ಮೀರಿದೆ. ಈ ಕಸಕ್ಕೆ ಜಾಗ ತೋರಿಸದೆ ಇನ್ನಷ್ಟು ಕಸ ಹುಟ್ಟಿಸುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಕಟ್ಟುವ ಖರ್ಚು ಯಾರ ಬಿಲ್ಲಿಗೆ ಬೀಳುತ್ತದೆ ಎಂಬ ಪ್ರಶ್ನೆಗೂ ನೇರ ಉತ್ತರ ಸಿಕ್ಕಿಲ್ಲ.

ರಾಜ್ಯ ಶಾಸನಸಭೆಯ ಬೆನ್ನು ಹತ್ತುವವರು ಮೊದಲು ತಿಳಿಯಬೇಕಾದ್ದು ಇದು: ಮಸೂದೆಯ ಸಂಖ್ಯೆಯನ್ನು ಹಿಂಬಾಲಿಸಬೇಡಿ, ಕಾಯ್ದೆಯ ಸೆಕ್ಷನ್ನನ್ನು ಹಿಂಬಾಲಿಸಿ. 8-406(ಸಿ)ಯನ್ನು ತೆಗೆಯುವ ಪ್ರಯತ್ನ 2023ರ ಜನವರಿಯಲ್ಲಿ ಎಸ್‌ಬಿ (ಸೆನೆಟ್ ಮಸೂದೆ) 76 ಎಂಬ ಹೆಸರಿನಲ್ಲಿ ಬಂತು. ಎರಡೂ ಸದನ ದಾಟಿ ಹೋದ ಅದನ್ನು ಗವರ್ನರ್ ಪ್ರಿಟ್ಸ್‌ಕರ್ ಆಗಸ್ಟ್ 11ರಂದು ವೀಟೋ ಮಾಡಿದರು. ಆಗ ನಿಟ್ಟುಸಿರು ಬಿಟ್ಟವರು ಬಹಳ. ನವೆಂಬರ್‌ನಲ್ಲಿ ಅದೇ ವಿಷಯ ಎಚ್‌ಬಿ (ಕೆಳಮನೆಯ ಮಸೂದೆ) 2473ರ ಒಳಗೆ ಕೂತು ಬಂತು. ಡಿಸೆಂಬರ್ 8ರಂದು ಗವರ್ನರ್ ಅದಕ್ಕೆ ಸಹಿ ಹಾಕಿದರು. 300 ಮೆಗಾವಾಟ್ ಮೀರದ ಸಣ್ಣ ರಿಯಾಕ್ಟರುಗಳಿಗೆ 2026ರಿಂದ ಬಾಗಿಲು ತೆರೆಯಿತು. 2025ರ ಅಕ್ಟೋಬರ್ ಕೊನೆಯಲ್ಲಿ ಎಸ್‌ಬಿ 25 ಎಂಬ ನೂರಾರು ಪುಟಗಳ ಇಂಧನ ಮಸೂದೆ ಬಂತು. ಬ್ಯಾಟರಿ ಸಂಗ್ರಹ, ಗ್ರಿಡ್ ಯೋಜನೆ, ದರ ಎಲ್ಲ ಇದ್ದ ಅದರೊಳಗೆ ದೊಡ್ಡ ರಿಯಾಕ್ಟರುಗಳ ಮೇಲಿನ ತಡೆಯನ್ನು ಎತ್ತುವ ಮಾತೂ ಇತ್ತು. ಮೂರು ಸಂಖ್ಯೆ, ಎರಡು ಸದನಗಳ ಮೂಲ, ಆದರೆ ಮುಟ್ಟಿದ್ದು ಅದೇ ಒಂದು ಉಪಸೆಕ್ಷನ್ನು. ಸಂಖ್ಯೆಗೆ ಕಣ್ಣು ನೆಟ್ಟು ಕೂತವರಿಗೆ ಪ್ರತಿ ಸಲವೂ ಆಟ ಮುಗಿದ ಮೇಲೆ ಸುದ್ದಿ ತಿಳಿಯುತ್ತದೆ. ಕ್ಯಾಲಿಫೋರ್ನಿಯಾದ 1976ರ, ಒರೆಗನ್‌ನ 1980ರ, ಮಿನೆಸೋಟಾದ 1994ರ ತಡೆಗಳನ್ನು ಕಾಯುತ್ತಿರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇಲಿನಾಯ್ ಶಾಸನಸಭೆಯ ಜಾಲತಾಣ ಇಲ್ಗಾ ಡಾಟ್ ಗೌ. ಪ್ರತಿ ಮಸೂದೆಯ ಸ್ಥಿತಿಪುಟದಲ್ಲಿ ಸಾರಾಂಶದ ಜೊತೆಗೆ, ಅದು ಯಾವ ಯಾವ ಸೆಕ್ಷನ್ನುಗಳನ್ನು ಮುಟ್ಟುತ್ತದೆ ಎಂಬ ಪಟ್ಟಿ ಇರುತ್ತದೆ. ಅಲ್ಲಿ ಹುಡುಕಬೇಕಾದ ಗುರುತು 220 ಐಎಲ್‌ಸಿಎಸ್ 5/8-406 (ಐಎಲ್‌ಸಿಎಸ್ ಎಂದರೆ ಇಲಿನಾಯ್ ಕಾಯ್ದೆಗಳ ಸಂಕಲನ). ಜನವರಿ, ಫೆಬ್ರವರಿಯಲ್ಲಿ ಮಸೂದೆಗಳು ಸಾವಿರಗಟ್ಟಲೆ ದಾಖಲಾಗುವಾಗ ದಿನಕ್ಕೊಮ್ಮೆ ಈ ಗುರುತನ್ನು ಹಾಕಿ ಹುಡುಕಿದರೆ ಸಾಕು. ಪದಗಳಿಂದ ಹುಡುಕುವುದು ಎರಡನೆಯ ಬಲೆ. ‘ನ್ಯೂಕ್ಲಿಯರ್’ ಎಂಬ ಒಂದೇ ಪದ ಹಾಕಿದರೆ ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ಮಸೂದೆಗಳೆಲ್ಲ ಬರುತ್ತವೆ, ಬೇಕಾದದ್ದು ತಪ್ಪಿಹೋಗುತ್ತದೆ. ಈಚಿನ ಮಸೂದೆಗಳಲ್ಲಿ ಆ ಪದವೇ ಇರದೆ ‘ಕ್ಲೀನ್ ಫರ್ಮ್’, ‘ಜೀರೋ ಎಮಿಷನ್’, ‘ಕಾರ್ಬನ್ ಫ್ರೀ’, ‘ಬೇಸ್‌ಲೋಡ್’, ‘ಡಿಸ್ಪ್ಯಾಚಬಲ್’, ‘ಅಡ್ವಾನ್ಸ್ಡ್ ರಿಯಾಕ್ಟರ್’, ‘ಅರ್ಲಿ ಸೈಟ್ ಪರ್ಮಿಟ್’ ಎಂಬ ವೇಷಗಳಿರುತ್ತವೆ. ತೆರಿಗೆ ರಿಯಾಯಿತಿಯ ಮಸೂದೆಯಲ್ಲಿ ‘ಸ್ವಚ್ಛ ಇಂಧನ’ದ ವ್ಯಾಖ್ಯೆಗೆ ಒಂದು ಪದ ಸೇರಿಸಿದರೂ ಸಾಕು, ಸಬ್ಸಿಡಿಯ ಹಣ ಅತ್ತ ಹರಿಯಲು ದಾರಿಯಾಗುತ್ತದೆ. ಲೆಜಿಸ್ಕ್ಯಾನ್, ಓಪನ್ ಸ್ಟೇಟ್ಸ್‌ನಂಥ ಸೇವೆಗಳು ಹಲವು ರಾಜ್ಯಗಳನ್ನು ಒಟ್ಟಿಗೆ ನೋಡಲು ಒಳ್ಳೆಯವು, ಇಮೇಲ್ ಎಚ್ಚರಿಕೆಯನ್ನೂ ಕೊಡುತ್ತವೆ. ಆದರೆ ತಿದ್ದುಪಡಿಯ ಪಠ್ಯ ಅವುಗಳಿಗೆ ತಲುಪುವುದು ತಡ. ಅಧಿವೇಶನದ ಕೊನೆಯ ವಾರ ಮೂಲ ತಾಣವನ್ನು ಬಿಟ್ಟು ಬೇರೆಯದನ್ನು ನಂಬಬಾರದು.

ಇಷ್ಟಾದರೂ ಒಂದು ಬಗೆಯ ಮಸೂದೆ ಈ ಎರಡೂ ಬಲೆಯಿಂದ ನುಸುಳುತ್ತದೆ. ಶೆಲ್ ಬಿಲ್, ಅಂದರೆ ಖಾಲಿ ಚಿಪ್ಪು. ಕಾಯ್ದೆಯ ಹೆಸರು ಹೇಳುವ ಸೆಕ್ಷನ್ನಿನಲ್ಲಿ ಒಂದು ಸಣ್ಣ ತಾಂತ್ರಿಕ ಬದಲಾವಣೆ ಮಾಡುತ್ತದೆ ಎಂದಷ್ಟೇ ಸಾರಾಂಶದಲ್ಲಿರುತ್ತದೆ. ಪಬ್ಲಿಕ್ ಯುಟಿಲಿಟೀಸ್ ಆ್ಯಕ್ಟ್‌ನಲ್ಲಿ ಆ ಸೆಕ್ಷನ್ 5/1-101. ಸದನದ ನಾಯಕರು ಇಂಥವನ್ನು ಕಟ್ಟುಗಟ್ಟಲೆ ದಾಖಲಿಸಿಟ್ಟು, ಒಂದೆರಡು ಹೆಜ್ಜೆ ಮುಂದೆ ತಳ್ಳಿಟ್ಟಿರುತ್ತಾರೆ. ಮಾತುಕತೆ ಕುದುರಿದ ದಿನ ಅದರ ಒಳಗೆ ನಿಜವಾದ ಮಸೂದೆಯನ್ನು ತುಂಬುತ್ತಾರೆ. ಆದ್ದರಿಂದ 5/1-101 ಮುಟ್ಟುವ ಎಲ್ಲ ಸಂಖ್ಯೆಗಳನ್ನೂ ಅಧಿವೇಶನದ ಮೊದಲಲ್ಲೇ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಅವುಗಳಲ್ಲಿ ಯಾವುದಕ್ಕಾದರೂ ಇದ್ದಕ್ಕಿದ್ದಂತೆ ಹೊಸ ಪ್ರಾಯೋಜಕರು (ಮಸೂದೆಯ ಹೊಣೆ ಹೊತ್ತ ಸದಸ್ಯರು) ಬಂದರೆ, ಅವರು ಇಂಧನ ಸಮಿತಿಯವರಾಗಿದ್ದರೆ, ತಿದ್ದುಪಡಿ ಹತ್ತಿರದಲ್ಲಿದೆ ಎಂದೇ ತಿಳಿಯಬೇಕು. ತಿದ್ದುಪಡಿಯ ಸಾರಾಂಶದಲ್ಲಿ ‘ಅಧಿನಿಯಮನ ವಾಕ್ಯದ ನಂತರದ ಎಲ್ಲವನ್ನೂ ಬದಲಿಸುತ್ತದೆ’ ಎಂಬ ಅರ್ಥದ ಸಾಲು ಕಂಡರೆ ಹಳೆಯ ಮಸೂದೆ ಸತ್ತಿತು, ಅದೇ ಸಂಖ್ಯೆಯಲ್ಲಿ ಬೇರೆಯದು ಹುಟ್ಟಿತು. ಆವರೆಗೆ ಮಾಡಿಕೊಂಡ ಟಿಪ್ಪಣಿಯನ್ನೆಲ್ಲ ಬದಿಗಿಟ್ಟು ಪಠ್ಯವನ್ನು ಮೊದಲಿನಿಂದ ಓದಬೇಕು.

ಓದುವುದಕ್ಕೂ ಒಂದು ಕ್ರಮವಿದೆ. ಇಲಿನಾಯ್‌ನಲ್ಲಿ ತಿದ್ದುವ ಸೆಕ್ಷನ್ನನ್ನು ಇಡಿಯಾಗಿ ಮುದ್ರಿಸುತ್ತಾರೆ; ಹೊಸ ಮಾತಿಗೆ ಅಡಿಗೆರೆ, ತೆಗೆದ ಮಾತಿಗೆ ಅಡ್ಡಗೆರೆ. 8-406 ಉದ್ದನೆಯ ಸೆಕ್ಷನ್ನು, ಹತ್ತಾರು ಪುಟಗಳ ನಡುವೆ ಅಡಿಗೆರೆ ಬಿದ್ದ ಒಂದೇ ಸಾಲು ಇರಬಹುದು. ನಾವು ಮೊದಲು ನೋಡುವುದು ವ್ಯಾಖ್ಯೆಗಳನ್ನು. ಆಮೇಲೆ ‘ಶಲ್’ ಮತ್ತು ‘ಮೇ’ ಎಲ್ಲೆಲ್ಲಿ ಬಂದಿವೆ ಎಂದು: ಅಧಿಕಾರಿ ಅಧ್ಯಯನ ಮಾಡಲೇಬೇಕೋ, ಬೇಕಾದರೆ ಮಾಡಬಹುದೋ. ಆಮೇಲೆ ‘ಬೇರೆ ಯಾವ ಕಾಯ್ದೆಯಲ್ಲಿ ಏನೇ ಇದ್ದರೂ’ ಎಂಬ ಮಾತು. ಅದಿದ್ದರೆ ಸ್ಥಳೀಯ ವಲಯ ನಿಯಮಗಳಿಗೂ ಕತ್ತರಿ ಬೀಳಬಹುದು. ಕೊನೆಗೆ ಜಾರಿಯ ದಿನಾಂಕ.

ವ್ಯಾಖ್ಯೆ ಎಷ್ಟು ಮುಖ್ಯ ಎನ್ನುವುದಕ್ಕೆ ಎಸ್‌ಬಿ 76 ಸಾಕ್ಷಿ. ಅದು ತಡೆಯನ್ನು ಎತ್ತಿದ್ದು ‘ಅಡ್ವಾನ್ಸ್ಡ್ ರಿಯಾಕ್ಟರ್’ ಎಂಬ ಹೆಸರಿನಲ್ಲಿ. ಭಾಷಣಗಳಲ್ಲೆಲ್ಲ ಕೇಳಿದ್ದು ಸಣ್ಣ, ಅಚ್ಚುಕಟ್ಟಾದ ಹೊಸ ಯಂತ್ರಗಳ ಮಾತು. ಆದರೆ ಆ ವ್ಯಾಖ್ಯೆಯಲ್ಲಿ ಗಾತ್ರಕ್ಕೆ ಮಿತಿಯೇ ಇರಲಿಲ್ಲ. ಗವರ್ನರ್ ವೀಟೋ ಸಂದೇಶದಲ್ಲಿ ಎತ್ತಿ ಹಿಡಿದದ್ದೂ ಅದನ್ನೇ: ವ್ಯಾಖ್ಯೆ ತೀರಾ ಸಡಿಲ, ದುಬಾರಿಯಾದ ದೊಡ್ಡ ರಿಯಾಕ್ಟರುಗಳಿಗೆ ದಾರಿಯಾಗುತ್ತದೆ, ಜನರ ಆರೋಗ್ಯ ಮತ್ತು ಸುರಕ್ಷತೆಗೆ ಬೇಕಾದ ರಕ್ಷಣೆ ಇಲ್ಲ ಎಂದು. ಎಚ್‌ಬಿ 2473ರಲ್ಲಿ 300 ಮೆಗಾವಾಟ್ ಎಂಬ ಅಂಕಿ ಬಂದದ್ದು ಅದಕ್ಕೇ. ಆದರೆ ಅಲ್ಲೂ ಕಣ್ಣಿಡಬೇಕಾದ ಮಾತಿತ್ತು. ಮಿತಿ ಒಂದೊಂದು ರಿಯಾಕ್ಟರಿಗೆ, ಒಂದು ಜಾಗಕ್ಕಲ್ಲ. ಅಂಥವನ್ನು ಒಂದೇ ಜಾಗದಲ್ಲಿ ಹಲವು ಜೋಡಿಸಿ ಕಟ್ಟಿ ನಡೆಸಬಹುದು. ನಾಲ್ಕು ಕೂಡಿಸಿದರೆ 1,200 ಮೆಗಾವಾಟ್. ‘ಸಣ್ಣದು’ ಎಂಬ ಮಾತಿಗೆ ಮರುಳಾಗಿ ವಿರೋಧ ಬಿಟ್ಟುಕೊಟ್ಟ ಸದಸ್ಯರಿಗೆ ಆ ಸಾಲನ್ನು ಬೆರಳಿಟ್ಟು ತೋರಿಸುವುದು ನಮ್ಮ ಕೆಲಸವಾಗಿತ್ತು.

ಸಮಿತಿಯ ಮುಂದೆ ಮಸೂದೆ ಬಂದಾಗ ಸಾರ್ವಜನಿಕರಿಗೆ ಇರುವ ಆಯುಧ ವಿಟ್ನೆಸ್ ಸ್ಲಿಪ್. ಅದೇ ಜಾಲತಾಣದಲ್ಲಿ ಸಮಿತಿಯ ಸಭಾಪಟ್ಟಿ ತೆರೆದು, ಮಸೂದೆಯ ಎದುರಿನ ಗುಂಡಿ ಒತ್ತಿದರೆ ನಮೂನೆ ಬರುತ್ತದೆ. ಹೆಸರು, ವಿಳಾಸ, ಯಾರ ಪರವಾಗಿ ಎಂಬುದನ್ನು ತುಂಬಬೇಕು. ಆಮೇಲೆ ನಿಲುವು: ಪರ, ವಿರೋಧ, ನಿಲುವಿಲ್ಲ. ಮಾತಾಡುವುದಿದ್ದರೆ ಮೌಖಿಕ, ಬರಹ ಕೊಡುವುದಿದ್ದರೆ ಲಿಖಿತ, ಬರೀ ಹೆಸರು ದಾಖಲಾದರೆ ಸಾಕೆಂದರೆ ‘ಹಾಜರಿ ಮಾತ್ರ’. ಎರಡು ನಿಮಿಷದ ಕೆಲಸ. ಎಡವುವುದು ಎಲ್ಲಿ ಎಂದರೆ, ಸ್ಲಿಪ್ಪು ಮಸೂದೆಗೆ ಬೇರೆ, ತಿದ್ದುಪಡಿಗೆ ಬೇರೆ. ಮೂಲ ಮಸೂದೆಯ ಮೇಲೆ ನೂರಾರು ವಿರೋಧದ ಸ್ಲಿಪ್ಪು ಬಿದ್ದಿದ್ದರೂ, ಒಂದನೆಯ ತಿದ್ದುಪಡಿ ಬಂದ ಕೂಡಲೇ ಅದರ ಲೆಕ್ಕ ಸೊನ್ನೆಯಿಂದ ಶುರು. ಸಭೆ ಮುಂದೂಡಿದರೆ ಮತ್ತೆ ಹಾಕಬೇಕು. ಮಸೂದೆ ಇನ್ನೊಂದು ಸದನಕ್ಕೆ ಹೋದರೆ ಅಲ್ಲಿಯ ಸಮಿತಿಗೆ ಬೇರೆ. ಆ ಸದನ ತಿದ್ದಿ ಹಿಂದಿರುಗಿಸಿದರೆ ಸಹಮತದ ಪ್ರಸ್ತಾವ ಸಮಿತಿಗೆ ಬರುವಾಗ ಮತ್ತೊಂದು. ಆದ್ದರಿಂದ ಜನರಿಗೆ ಕಳಿಸುವ ಸಂದೇಶದಲ್ಲಿ ‘ಎಸ್‌ಬಿ ಇಷ್ಟನೇದಕ್ಕೆ ವಿರೋಧ ಹಾಕಿ’ ಎಂದು ಬರೆದರೆ ಸಾಲದು. ಯಾವ ತಿದ್ದುಪಡಿ, ಯಾವ ಸಮಿತಿ, ಯಾವ ಹೊತ್ತಿನೊಳಗೆ ಎಂದು ಬರೆದು ನೇರ ಕೊಂಡಿ ಕೊಡಬೇಕು.

ಸ್ಲಿಪ್ಪಿನ ಬಲ ಎಷ್ಟು? ಅದು ಮತವಲ್ಲ. ಅಧ್ಯಕ್ಷರು ‘ಪರ ಇಷ್ಟು, ವಿರೋಧ ಇಷ್ಟು’ ಎಂದು ಓದಿ ಮುಂದೆ ಹೋಗುತ್ತಾರೆ. ಆದರೆ ಅಂಜಿಕೆಯಿಂದ ಅಳೆದು ನೋಡುತ್ತಿರುವ ಸದಸ್ಯರಿಗೆ ಆ ಅಂಕಿ ಮುಟ್ಟುತ್ತದೆ, ಅದರಲ್ಲೂ ತಮ್ಮ ಕ್ಷೇತ್ರದ ಊರಿನ ಹೆಸರುಗಳು ಅದರಲ್ಲಿದ್ದರೆ. ಸಂಘಗಳ ಹೆಸರಿನ ಸ್ಲಿಪ್ಪಿಗಿಂತ ಮನೆಯ ವಿಳಾಸದ ಸ್ಲಿಪ್ಪಿಗೆ ಹೆಚ್ಚು ತೂಕ.

ಇಲ್ಲಿರುವ ಕನ್ನಡದವರಲ್ಲಿ ಎಚ್-1ಬಿ ವೀಸಾದವರು ಬಹಳ ಜನ ‘ನಾವು ಇದರಲ್ಲಿ ಕೈ ಹಾಕಬಹುದೇ’ ಎಂದು ಕೇಳುತ್ತಾರೆ. ಸ್ಲಿಪ್ಪು ಹಾಕಲು, ಸಮಿತಿಯ ಮುಂದೆ ಮಾತಾಡಲು, ಸದಸ್ಯರಿಗೆ ಪತ್ರ ಬರೆಯಲು ಪೌರತ್ವ ಬೇಕಿಲ್ಲ. ಚುನಾವಣಾ ದೇಣಿಗೆ ಮಾತ್ರ ಕೊಡಕೂಡದು. ರಾಜ್ಯದ ಚುನಾವಣೆಗೂ ಸೇರಿ ವಿದೇಶೀಯರ ದೇಣಿಗೆಯನ್ನು ಕೇಂದ್ರದ ಕಾನೂನು ನಿಷೇಧಿಸುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಆ ನಿಷೇಧ ಇಲ್ಲ. ಕರೆಂಟ್ ಬಿಲ್ಲು ಕಟ್ಟುವವರೆಲ್ಲ ಮಾತಾಡಬಹುದು ಎಂಬುದೇ ನಮ್ಮ ಉತ್ತರ. ಸಂಘಗಳಿಗಾದರೆ ಬೇರೆ ಎಚ್ಚರ ಬೇಕು. ತೆರಿಗೆ ವಿನಾಯಿತಿಯ 501(ಸಿ)(3) ಸಂಘಗಳು ಶಾಸನದ ಬಗ್ಗೆ ಪ್ರಭಾವ ಬೀರಬಹುದು, ಆದರೆ ಮಿತಿಯೊಳಗೆ. ಫಾರ್ಮ್ 5768 ತುಂಬಿ 501(ಎಚ್) ಆಯ್ದುಕೊಂಡರೆ ಆ ಮಿತಿ ಸ್ಪಷ್ಟ: ಮೊದಲ 5 ಲಕ್ಷ ಡಾಲರ್ ಖರ್ಚಿನ ಶೇ 20, ಅದರಲ್ಲೂ ಜನರಿಗೆ ಕರೆ ಕೊಡುವ ಕೆಲಸಕ್ಕೆ ನಾಲ್ಕರಲ್ಲಿ ಒಂದು ಪಾಲು. ಆಯ್ದುಕೊಳ್ಳದಿದ್ದರೆ ‘ಗಣನೀಯ ಭಾಗ’ ಎಂಬ ಅಳತೆಯಿಲ್ಲದ ಅಳತೆ.

ಮಸೂದೆ ಮೂರು ಬೇರೆ ಬೇರೆ ದಿನ ಪ್ರತಿ ಸದನದಲ್ಲಿ ವಾಚನವಾಗಬೇಕೆಂದು ಇಲಿನಾಯ್ ಸಂವಿಧಾನ ಹೇಳುತ್ತದೆ. ಓದುವಾಗ ಸಮಾಧಾನವಾಗುವ ಈ ಮಾತನ್ನು ನೆಚ್ಚಿಕೊಂಡರೆ ಕೆಟ್ಟೆವು. ಖಾಲಿ ಚಿಪ್ಪಿನ ಮೇಲೆ ಎರಡು ವಾಚನ ಮುಗಿಸಿಟ್ಟು, ಒಳಗಿನದನ್ನು ಬದಲಿಸಿ ಮೂರನೆಯದನ್ನು ಮುಗಿಸಿದರೂ ವಾಚನದ ಲೆಕ್ಕ ಸರಿ. ಸಂವಿಧಾನದ ಅದೇ ಭಾಗದಲ್ಲಿ, ವಿಧಿವಿಧಾನ ಸರಿಯಾಗಿ ನಡೆದಿದೆಯೆಂದು ಎರಡೂ ಸದನಗಳ ಮುಖ್ಯಸ್ಥರು ಸಹಿ ಮಾಡಿ ಪ್ರಮಾಣೀಕರಿಸಬೇಕೆಂದಿದೆ. ಅವರು ಸಹಿ ಮಾಡಿದ ಮೇಲೆ ಕೋರ್ಟುಗಳು ಒಳಹೊಕ್ಕು ನೋಡುವುದಿಲ್ಲ. ಆದ್ದರಿಂದ ‘ಕೋರ್ಟಿನಲ್ಲಿ ನೋಡಿಕೊಳ್ಳೋಣ’ ಎನ್ನುವುದಕ್ಕೆ ಆಸ್ಪದವಿಲ್ಲ, ಸದನದಲ್ಲೇ ನೋಡಿಕೊಳ್ಳಬೇಕು.

ಸ್ಥಿತಿಪುಟದ ಭಾಷೆಯಲ್ಲಿ ಕೆಲವು ಸಾಲುಗಳು ಎದೆಗೆ ತಟ್ಟಬೇಕು. ‘ದ್ವಿತೀಯ ವಾಚನಕ್ಕೆ ಮರಳಿ ಕರೆಯಲಾಗಿದೆ’ ಎಂದರೆ ಸದನದಲ್ಲಿ ಹೊಸ ತಿದ್ದುಪಡಿ ಬರುತ್ತಿದೆ, ಯಾಕೆಂದರೆ ತೃತೀಯ ವಾಚನದ ಹಂತದಲ್ಲಿ ತಿದ್ದುವಂತಿಲ್ಲ. ‘ರೂಲ್ಸ್ ಸಮಿತಿಗೆ ಹಿಂದಿರುಗಿಸಲಾಗಿದೆ’ ಎಂದರೆ ಗಡುವು ಮೀರಿತು ಎಂದಷ್ಟೇ ಅರ್ಥ, ಮಸೂದೆ ಸತ್ತಿತೆಂದಲ್ಲ. ಇಲಿನಾಯ್ ಶಾಸನಸಭೆಯ ಅವಧಿ ಎರಡು ವರ್ಷದ್ದು. ಮೊದಲ ವರ್ಷ ಮೂಲೆ ಸೇರಿದ್ದು ಎರಡನೆಯ ವರ್ಷದ ಕೊನೆಯ ಜನವರಿಯ ತನಕ ಯಾವಾಗ ಬೇಕಾದರೂ ಏಳಬಹುದು. ‘ಸೈನೆ ಡೈ’ (ಅವಧಿ ಪೂರ್ತಿ ಮುಗಿಯಿತು) ಎಂಬ ಎರಡು ಪದ ಬಂದ ಮೇಲೆಯೇ ಆ ಸಂಖ್ಯೆಯನ್ನು ಹಾಳೆಯಿಂದ ತೆಗೆಯುವುದು.

ಮೇ ತಿಂಗಳ ಕೊನೆಯ ವಾರದಲ್ಲಿ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನ ಗಡಿಯಾರವೇ ಬೇರೆ. ತಿದ್ದುಪಡಿಯನ್ನು ಸಮಿತಿಗೆ ತರಲು ಬಹಳ ಕಡಿಮೆ ಹೊತ್ತಿನ ಸೂಚನೆ ಸಾಕು. ರಾತ್ರಿ ಹತ್ತಕ್ಕೆ ಪಠ್ಯ ಬಂದು ಹನ್ನೆರಡರೊಳಗೆ ಮತವೂ ಮುಗಿಯಬಹುದು. ಇದಕ್ಕೆ ಸಿದ್ಧತೆ ಎಂದರೆ, ಬರುವ ಮುಂಚೆಯೇ ಬರೆದಿಡುವುದು. ತಡೆಯನ್ನು ಪೂರ್ತಿ ಎತ್ತಿದರೆ ಹೇಳುವುದೇನು, ಗಾತ್ರದ ಮಿತಿಯಿಟ್ಟು ಎತ್ತಿದರೆ ಹೇಳುವುದೇನು, ಕಟ್ಟುವಾಗಲೇ ಗ್ರಾಹಕರಿಂದ ವಸೂಲಿಗೆ ಅವಕಾಶ ಕೊಟ್ಟರೆ ಹೇಳುವುದೇನು ಎಂದು ಒಂದೊಂದು ಪುಟದ ಟಿಪ್ಪಣಿ ಮೊದಲೇ ಇರಬೇಕು. ಪಠ್ಯ ಬಂದಾಗ ಸಾಲಿನ ಸಂಖ್ಯೆ, ಪುಟದ ಸಂಖ್ಯೆ ತುಂಬಿ ಕಳಿಸುವುದಷ್ಟೇ ಉಳಿದಿರಬೇಕು. ಒಬ್ಬರು ಪಠ್ಯ ಓದಲು, ಒಬ್ಬರು ಸಮಿತಿಯ ನೇರಪ್ರಸಾರ ನೋಡಲು, ಒಬ್ಬರು ಜನರಿಗೆ ಸಂದೇಶ ಕಳಿಸಲು: ಮೂರು ಕೈ ಇಲ್ಲದೆ ಆ ರಾತ್ರಿ ಸಾಗದು. ಸದನದ ಚರ್ಚೆಗೆ ಅಧಿಕೃತ ಪ್ರತಿಲೇಖನ ಸಿಗುತ್ತದೆ. ಸಮಿತಿಯಲ್ಲಿ ಆಡಿದ ಮಾತುಗಳನ್ನು ನಾವೇ ದಾಖಲಿಸಿಟ್ಟುಕೊಳ್ಳಬೇಕು. ನಮ್ಮ ಜೊತೆ ನಿಲ್ಲುವ ಸದಸ್ಯರೊಬ್ಬರಿದ್ದರೆ ಅವರಿಂದ ಫಿಸ್ಕಲ್ ನೋಟ್ ಕೇಳಿಸಬಹುದು. ಖರ್ಚಿನ ಅಂದಾಜು ಬರುವ ತನಕ ಮಸೂದೆ ದ್ವಿತೀಯ ವಾಚನದಲ್ಲಿ ನಿಲ್ಲುತ್ತದೆ. ಅದರಿಂದ ಮಸೂದೆ ಬೀಳುವುದಿಲ್ಲ, ಆದರೆ ಒಂದೆರಡು ದಿನ ಸಿಗುತ್ತದೆ, ಒಂದು ಅಂಕಿಯೂ ಕಡತಕ್ಕೆ ಬೀಳುತ್ತದೆ.

ಏನು ಹೇಳಬೇಕು ಎನ್ನುವುದು ಹೇಗೆ ಹಿಂಬಾಲಿಸಬೇಕು ಎನ್ನುವಷ್ಟೇ ಸೂಕ್ಷ್ಮ. ರಿಯಾಕ್ಟರಿನ ವಿಕಿರಣ ಸುರಕ್ಷತೆ ಕೇಂದ್ರದ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್ನಿನ ಹೊಲ, ರಾಜ್ಯ ಅಲ್ಲಿ ಕಾಲಿಡುವಂತಿಲ್ಲ. ಕ್ಯಾಲಿಫೋರ್ನಿಯಾದ 1976ರ ತಡೆಯನ್ನು ಪಿಜಿ ಆ್ಯಂಡ್ ಇ ಕಂಪನಿ ಪ್ರಶ್ನಿಸಿದಾಗ 1983ರಲ್ಲಿ ಸುಪ್ರೀಂ ಕೋರ್ಟ್ ತಡೆಯನ್ನು ಎತ್ತಿಹಿಡಿಯಿತು. ಕಾರಣ, ಅದರ ಬುಡದಲ್ಲಿದ್ದದ್ದು ಸುರಕ್ಷತೆಯ ಚಿಂತೆಯಲ್ಲ, ಆರ್ಥಿಕ ಚಿಂತೆ: ಕಸಕ್ಕೆ ದಾರಿ ಇಲ್ಲದಿದ್ದರೆ ಸ್ಥಾವರ ಮಧ್ಯದಲ್ಲೇ ನಿಂತು ಹಣ ಮುಳುಗಬಹುದು ಎಂಬುದು. ವರ್ಮಾಂಟ್‌ನಲ್ಲಿ ಇದಕ್ಕೆ ತದ್ವಿರುದ್ಧವಾಯಿತು. ವರ್ಮಾಂಟ್ ಯಾಂಕಿ ಸ್ಥಾವರ ಮುಂದುವರಿಯಲು ಶಾಸನಸಭೆಯ ಒಪ್ಪಿಗೆ ಬೇಕೆಂಬ ಕಾಯ್ದೆಯನ್ನು ಎಂಟರ್ಜಿ ಕಂಪನಿ ಪ್ರಶ್ನಿಸಿತು. ಶಾಸಕರು ಸಮಿತಿಗಳಲ್ಲಿ ಆಡಿದ ಮಾತುಗಳ ದಾಖಲೆಯನ್ನು ಕೋರ್ಟು ತರಿಸಿ ನೋಡಿತು. ಮನಸ್ಸಿನಲ್ಲಿದ್ದದ್ದು ಸುರಕ್ಷತೆಯೇ ಎಂದು ಕಂಡಿದ್ದರಿಂದ 2013ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕಾಯ್ದೆ ಊರ್ಜಿತವಲ್ಲ ಎಂದಿತು. ಅಂದರೆ ನಮ್ಮ ಬೆಂಬಲಿಗರು ಸಮಿತಿಯಲ್ಲಿ ಆಡುವ ಒಂದೊಂದು ವಾಕ್ಯವೂ ಮುಂದೆ ನಮ್ಮದೇ ಕಾಯ್ದೆಯ ಕುತ್ತಿಗೆಗೆ ಬರಬಹುದು. ಫುಕುಶಿಮಾದ ಮಾತನ್ನು ಊರಿನ ಸಭೆಯಲ್ಲಿ ಆಡಿ; ಶಾಸನ ಸಮಿತಿಯ ಮುಂದೆ ದರ, ಸಾಲ, ಕಸದ ಕಾವಲಿನ ಖರ್ಚು, ನೀರು, ನೆಲ, ಅರ್ಧಕ್ಕೆ ನಿಂತರೆ ಹೊರೆ ಯಾರದು ಎಂಬುದನ್ನೇ ಆಡಿ. ಇದು ಮರೆಮಾಚುವುದಲ್ಲ. ರಾಜ್ಯಕ್ಕೆ ನಿಜವಾಗಿ ಅಧಿಕಾರವಿರುವ ವಿಷಯ ಅದೊಂದೇ.

ಕರ್ನಾಟಕದಿಂದ ಬಂದವರಿಗೆ ಇಷ್ಟು ಅಧಿಕಾರವೂ ದೊಡ್ಡದಾಗಿ ಕಾಣುತ್ತದೆ. ಭಾರತದ ಸಂವಿಧಾನದಲ್ಲಿ ಅಣುಶಕ್ತಿ ಕೇಂದ್ರಪಟ್ಟಿಯ 6ನೆಯ ನಮೂದು. ಕೈಗಾದ ಬಗ್ಗೆ ಬೆಂಗಳೂರಿನ ವಿಧಾನಸಭೆ 8-406(ಸಿ)ಯಂಥದ್ದೊಂದನ್ನು ಬರೆಯಲು ಬರುವುದಿಲ್ಲ. ಶಿವರಾಮ ಕಾರಂತರು 1989ರಲ್ಲಿ ಕೈಗಾ ವಿರೋಧವನ್ನೇ ಮುಂದಿಟ್ಟು ಕೆನರಾ ಕ್ಷೇತ್ರದಿಂದ ಲೋಕಸಭೆಗೆ ನಿಂತದ್ದು ಆ ದೃಷ್ಟಿಯಿಂದ ಸರಿಯಾದ ಬಾಗಿಲನ್ನೇ ತಟ್ಟಿದ ಹಾಗೆ.

ಆರ್ಥಿಕ ವಾದಕ್ಕೆ ಸರಕು ಬೇಕಾದಷ್ಟಿದೆ. ದಕ್ಷಿಣ ಕೆರೊಲೈನಾ 2007ರಲ್ಲಿ ಬೇಸ್ ಲೋಡ್ ರಿವ್ಯೂ ಆ್ಯಕ್ಟ್ ಮಾಡಿ, ಸ್ಥಾವರ ಮುಗಿಯುವ ಮುಂಚೆಯೇ ಗ್ರಾಹಕರಿಂದ ವಸೂಲಿಗೆ ಅವಕಾಶ ಕೊಟ್ಟಿತು. 2017ರ ಜುಲೈ 31ರಂದು ವಿ.ಸಿ. ಸಮ್ಮರ್‌ನ ಎರಡು ರಿಯಾಕ್ಟರುಗಳ ಕೆಲಸವನ್ನು ಕೈಬಿಟ್ಟಾಗ ಸುಮಾರು 9 ಶತಕೋಟಿ ಡಾಲರ್ ಖರ್ಚಾಗಿತ್ತು, ಒಂದು ಯೂನಿಟ್ ಕರೆಂಟೂ ಬಂದಿರಲಿಲ್ಲ. ಜಾರ್ಜಿಯಾ 2009ರಲ್ಲಿ ಅಂಥದ್ದೇ ಕಾಯ್ದೆ ಮಾಡಿತು; ವೋಗಲ್‌ನ 3 ಮತ್ತು 4ನೆಯ ಘಟಕಗಳು 14 ಶತಕೋಟಿಯ ಅಂದಾಜಿನಿಂದ ಶುರುವಾಗಿ 30 ಶತಕೋಟಿ ದಾಟಿ, 2023 ಮತ್ತು 2024ರಲ್ಲಿ ಚಾಲೂ ಆದವು. ಸಣ್ಣ ರಿಯಾಕ್ಟರು ಅಗ್ಗ ಎನ್ನುವವರಿಗೆ ಯೂಟಾದ ವಿದ್ಯುತ್ ಒಕ್ಕೂಟಕ್ಕಾಗಿ ನ್ಯೂಸ್ಕೇಲ್ ಕಂಪನಿ ಐಡಾಹೊದಲ್ಲಿ ಹಾಕಿಕೊಂಡಿದ್ದ ಯೋಜನೆ ಉತ್ತರ. ಮೆಗಾವಾಟ್ ಗಂಟೆಗೆ 58 ಡಾಲರ್ ಎಂದದ್ದು 89ಕ್ಕೆ ಏರಿ, 2023ರ ನವೆಂಬರ್‌ನಲ್ಲಿ ಯೋಜನೆಯೇ ರದ್ದಾಯಿತು. ಅದೇ ತಿಂಗಳು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಎಚ್‌ಬಿ 2473ಕ್ಕೆ ಮತ ಬೀಳುತ್ತಿತ್ತು. ತಡೆ ಎತ್ತುವ ಮಸೂದೆಗಿಂತ ಮುಂಗಡ ವಸೂಲಿಯ ಮಸೂದೆ ಹೆಚ್ಚು ಅಪಾಯಕಾರಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ತಡೆ ಎತ್ತಿದ ಮಾತ್ರಕ್ಕೆ ಯಾರೂ ಕಟ್ಟುವುದಿಲ್ಲ. ಹಣದ ಹೊರೆಯನ್ನು ಗ್ರಾಹಕರ ಹೆಗಲಿಗೆ ದಾಟಿಸುವ ಕಾಯ್ದೆ ಬಂದಾಗಲೇ ಕಟ್ಟುವುದು. ಆದ್ದರಿಂದ ‘ಕನ್‌ಸ್ಟ್ರಕ್ಷನ್ ವರ್ಕ್ ಇನ್ ಪ್ರೋಗ್ರೆಸ್’, ‘ಕಾಸ್ಟ್ ರಿಕವರಿ’ ಎಂಬ ಪದಗಳು ಹುಡುಕುಪಟ್ಟಿಯ ತಲೆಯಲ್ಲಿರಬೇಕು.

ಹಣದ ಜಾಡನ್ನೂ ಹಿಡಿಯಬೇಕು. ಇಲಿನಾಯ್‌ನಲ್ಲಿ 1,000 ಡಾಲರ್ ಅಥವಾ ಹೆಚ್ಚಿನ ದೇಣಿಗೆಯನ್ನು ಐದು ಕೆಲಸದ ದಿನಗಳೊಳಗೆ ಎ-1 ವರದಿಯಲ್ಲಿ ತೋರಿಸಬೇಕು, ಮೂರು ತಿಂಗಳಿಗೊಮ್ಮೆ ಡಿ-2 ವರದಿ. ಎರಡೂ ಚುನಾವಣಾ ಮಂಡಳಿಯ ತಾಣದಲ್ಲಿವೆ. ಲಾಬಿಗಾರರ ನೋಂದಣಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ. ಸಮಿತಿಯ ಸದಸ್ಯರ ಪಟ್ಟಿಯನ್ನೂ ದೇಣಿಗೆಯ ದಿನಾಂಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವ ಖಾಲಿ ಚಿಪ್ಪು ಯಾವಾಗ ತುಂಬುತ್ತದೆ ಎಂಬ ಸುಳಿವು ಸಿಗುತ್ತದೆ. ಇದು ಅನುಮಾನದ ಕೆಲಸವಲ್ಲ. ಒಹಾಯೊದ ಎಚ್‌ಬಿ 6 ಕಣ್ಣೆದುರಿಗಿದೆ. ಎರಡು ಅಣುಸ್ಥಾವರಗಳಿಗೆ ವರ್ಷಕ್ಕೆ 15 ಕೋಟಿ ಡಾಲರ್ ಕೊಡಿಸುವ ಆ ಕಾಯ್ದೆ 2019ರ ಜುಲೈನಲ್ಲಿ ಬಂತು. ಅದರ ಹಿಂದೆ 6 ಕೋಟಿ ಡಾಲರ್ ಲಂಚದ ಸಂಚಿತ್ತೆಂದು ಸಾಬೀತಾಗಿ ಮಾಜಿ ಸ್ಪೀಕರ್ ಲ್ಯಾರಿ ಹೌಸ್‌ಹೋಲ್ಡರ್‌ಗೆ 2023ರಲ್ಲಿ 20 ವರ್ಷ ಜೈಲಾಯಿತು. ಸ್ಥಾವರಗಳ ಸಬ್ಸಿಡಿಯನ್ನು 2021ರಲ್ಲಿ ರದ್ದುಮಾಡಿದರು.

ಎರಡೂ ಸದನ ದಾಟಿದ ಮಸೂದೆಯನ್ನು 30 ದಿನದೊಳಗೆ ಗವರ್ನರ್‌ಗೆ ಕಳಿಸಬೇಕು, ಅವರಿಗೆ 60 ದಿನ. ಸಹಿಯೂ ಇಲ್ಲದೆ ವೀಟೋವೂ ಇಲ್ಲದೆ ಆ ದಿನಗಳು ಕಳೆದರೆ ಅದು ಕಾಯ್ದೆಯೇ. ಈ ಮೂರು ತಿಂಗಳನ್ನು ಬಹಳ ಸಂಘಗಳು ದಣಿವಾರಿಸಿಕೊಳ್ಳಲು ಬಳಸುತ್ತವೆ. ನಮ್ಮ ಮಟ್ಟಿಗೆ ಪತ್ರ ಬರೆಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ: ಒಂದೇ ಪುಟ, ಒಂದೇ ಲೋಪ, ಪುಟ ಮತ್ತು ಸಾಲಿನ ಸಂಖ್ಯೆ ಸಮೇತ. ಹತ್ತು ಕಾರಣ ಕೊಟ್ಟ ಪತ್ರಕ್ಕಿಂತ, ವೀಟೋ ಸಂದೇಶಕ್ಕೆ ನೇರವಾಗಿ ಎತ್ತಿಕೊಳ್ಳಬಹುದಾದ ಒಂದು ಕಾರಣ ಕೊಟ್ಟ ಪತ್ರ ಕೆಲಸಕ್ಕೆ ಬರುತ್ತದೆ.

ವೀಟೋ ಆದರೆ ಶರತ್ಕಾಲದ ಎರಡು ವಾರಗಳ ವೀಟೋ ಅಧಿವೇಶನಕ್ಕೆ ಅಣಿಯಾಗಬೇಕು. ಹೆಸರು ವೀಟೋದ್ದಾದರೂ ಅಲ್ಲಿ ಯಾವ ಮಸೂದೆಯನ್ನೂ ತರಬಹುದು. ಅಲ್ಲೊಂದು ಲೆಕ್ಕವಿದೆ. ಮಾಮೂಲಿ ಮಸೂದೆಗೆ ಕೆಳಮನೆಯ 118ರಲ್ಲಿ 60, ಸೆನೆಟ್‌ನ 59ರಲ್ಲಿ 30 ಮತ ಸಾಕು. ವೀಟೋ ಮುರಿಯಲು 71 ಮತ್ತು 36 ಬೇಕು. ಮೇ 31ರ ನಂತರ ಪಾಸಾದ ಮಸೂದೆ ಐದರಲ್ಲಿ ಮೂರು ಪಾಲು ಮತವಿಲ್ಲದೆ ಮುಂದಿನ ಜೂನ್ 1ಕ್ಕಿಂತ ಮೊದಲು ಜಾರಿಯಾಗುವಂತಿಲ್ಲ. ಆದ್ದರಿಂದ ಶರತ್ಕಾಲದಲ್ಲಿ ತಂದ ಮಸೂದೆಯಲ್ಲಿ ‘ತಕ್ಷಣ ಜಾರಿ’ ಎಂದಿದ್ದರೆ ನಾವು ತಡೆಯಬೇಕಾದ ಮತಗಳ ಸಂಖ್ಯೆ ಕಡಿಮೆ, ಇಲ್ಲದಿದ್ದರೆ ಹೆಚ್ಚು. ಎಚ್‌ಬಿ 2473 ಕಾಯ್ದೆಯಾಗಿ ಜಾರಿಗೆ ಬಂದದ್ದು 2024ರ ಜೂನ್ 1ಕ್ಕೆ. ಮೊದಲ ಪುಟಕ್ಕಿಂತ ಕೊನೆಯ ಪುಟವನ್ನು ಮೊದಲು ಓದಿ ಎಂದು ಹೊಸಬರಿಗೆ ಹೇಳುವುದು ಇದಕ್ಕೇ.

ಸಹಿಯಾದ ಮೇಲೂ ಉಪಸೆಕ್ಷನ್ನಿನ ಕೆಲಸ ಮುಗಿಯುವುದಿಲ್ಲ, ಅದು ನಿಯಮಾವಳಿಯ ಹಂತಕ್ಕೆ ಹೋಗುತ್ತದೆ. 2023ರ ಕಾಯ್ದೆ ಸಣ್ಣ ರಿಯಾಕ್ಟರುಗಳಿಗೆ ನಿಯಮ ಬರೆಯುವ ಹೊಣೆಯನ್ನು ರಾಜ್ಯದ ತುರ್ತು ನಿರ್ವಹಣಾ ಸಂಸ್ಥೆಗೆ ಕೊಟ್ಟಿತು. ಇಲಿನಾಯ್‌ನಲ್ಲಿ ಯಾವ ಇಲಾಖೆ ನಿಯಮ ಮಾಡಿದರೂ ಕರಡು ಮೊದಲು ಇಲಿನಾಯ್ ರಿಜಿಸ್ಟರ್ ಎಂಬ ವಾರಪತ್ರದಲ್ಲಿ ಬರುತ್ತದೆ, ಅದು ಶುಕ್ರವಾರ ಹೊರಬೀಳುತ್ತದೆ. ಅಲ್ಲಿಂದ ಕನಿಷ್ಠ 45 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ. ಆಮೇಲೆ ಎರಡನೆಯ ನೋಟಿಸು. ಶಾಸಕರೇ ಇರುವ 12 ಜನರ ಜೆಕಾರ್ ಸಮಿತಿ 45 ದಿನದೊಳಗೆ ನೋಡಿ, 8 ಮತ ಕೂಡಿದರೆ ನಿಯಮವನ್ನು ತಡೆಹಿಡಿಯಬಹುದು. ಇಲ್ಲಿ ಭಾಷಣ ನಡೆಯದು. ಕರಡಿನ ಇಂಥ ಪರಿಚ್ಛೇದ, ಕಾಯ್ದೆಯ ಇಂಥ ಮಾತಿಗೆ ಹೊಂದುವುದಿಲ್ಲ, ಅದರ ಬದಲು ಈ ವಾಕ್ಯ ಹಾಕಿ ಎಂದು ಬರೆಯಬೇಕು. ತುರ್ತು ಯೋಜನೆಯ ಖರ್ಚನ್ನು ಸುತ್ತಲಿನ ಕೌಂಟಿ ಭರಿಸಬೇಕೋ ಕಂಪನಿ ಭರಿಸಬೇಕೋ, ಸ್ಥಾವರ ಮುಚ್ಚಿದ ಮೇಲಿನ ಠೇವಣಿ ಎಷ್ಟು, ಬಳಸಿದ ಇಂಧನವನ್ನು ಅಲ್ಲೇ ಇಟ್ಟುಕೊಂಡರೆ ವರ್ಷಾವರಿ ಶುಲ್ಕ ಯಾರಿಗೆ: ಈ ಮೂರರ ಮೇಲೆ ಬರೆದ ಅಭಿಪ್ರಾಯಗಳಿಗೆ ಇಲಾಖೆ ಉತ್ತರ ಕೊಡಬೇಕಾಗುತ್ತದೆ. ಪತ್ರದ ಪ್ರತಿಯನ್ನು ಜೆಕಾರ್ ಕಚೇರಿಗೂ, ಆ 12 ಜನರಲ್ಲಿ ನಿಮ್ಮ ಊರಿಗೆ ಹತ್ತಿರದವರಿಗೂ ಅದೇ ದಿನ ಕಳಿಸಿ. 45ನೆಯ ದಿನಕ್ಕೆ ಕಾಯಬೇಡಿ.